ಸಿದ್ದಿ ಕೊಟ್ಟ ನೀರು

ಅಧ್ಯಕ್ಷ ಪೀಠದಲ್ಲಿರುವ ಸಿದ್ದಬಸಪ್ಪನವರೇ, ಮಂಗಳೂರಿನಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿರುವ ನನ್ನ ಗುರುಗಳಾದ ಕುಮಾರಿ ಸಾಲಿನ್ಸ್ ಅವರೇ, ಕುಶಾಲನಗರದ ತಾಯಂದಿರೇ, ಸಭಿಕರೇ,

ನಮ್ಮ ಪುಟ್ಟ ಕೊಡಗಿನಿಂದ ಮಂಗಳೂರಿನ ಕ್ರೈಸ್ತ ಕಾಲೇಜಿಗೆ ಹೋಗಿ, ಸಮಾಜಸೇವೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಂದ ಈ ವನಜಾಕ್ಷಿಗೆ ಹಾರ ಹಾಕಿದ್ದೀರಿ. ಹೊರಟಾಗ "ಹುಡುಗಿ ಕೆಟ್ಟೋಯ್ತಾಳೆ" ಎಂದವರೂ ಇಲ್ಲೇ ಕೂತಿದ್ದೀರಿ. ಗಾಬರಿ ಬೇಡ, ಹೆಸರು ಹೇಳುವುದಿಲ್ಲ! ನಿಮಗೂ ನಾನು ಋಣಿ.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದರೆಂದು ಸಾಲಿನ್ಸ್ ಅಮ್ಮನವರು ಪಾಠ ಹೇಳುವಾಗ ನನಗೆ ಅಳುವೇ ಬಂದಿತ್ತು. ಓದಿನ ಭಾಗವಾಗಿ ತಿತಿಮತಿಯ ಕಾಫಿ ಎಸ್ಟೇಟಿನ ಲೈನುಗಳಿಗೆ, ಅಂದರೆ ಕೂಲಿಗಳ ಬಿಡಾರಗಳಿಗೆ, ಕಳಿಸಿದಾಗ ನಾನೂ ಕಾಲು ತೊಳೆಯಲು ಹೊರಟೆ! ಅಲ್ಲಿ ಸಿದ್ದಿ ಎಂಬ ಕೂಲಿ ಹೆಂಗಸಿನ ಪಾದದಲ್ಲಿ ಕೀವು ತುಂಬಿದ ಹುಣ್ಣು. ವಾರದೊಳಗೆ ವಾಸಿಯ ಕಡೆ ತಿರುಗದಿದ್ದರೆ ಪಾದವನ್ನೇ ಕತ್ತರಿಸಬೇಕೆಂದು ಡಾಕ್ಟರು ಹೇಳಿದ್ದರು. ನಾನು ಒಂದು ಮಾತೂ ಕೇಳದೆ ಕೂತು ಅವಳ ಕಾಲಿಗೆ ಕೈ ಹಾಕಿದೆ. ಗೌಡರ ಮನೆಯ ಹೆಣ್ಣು ಕಾಲು ಮುಟ್ಟಿದರೆ ತನಗೆ ಪಾಪವೆಂದು ಅವಳು ಕುಂಟುತ್ತಾ ಕಾಡಿಗೆ ಓಡಿಹೋದಳು. ಮೂರು ದಿನ ಪತ್ತೆಯಿಲ್ಲ. ಅಯ್ಯೋ, ನನ್ನ ಸೇವೆಯ ಚಪಲಕ್ಕೆ ಅವಳ ಕಾಲು ಹೋಯಿತಲ್ಲ ಎಂದು ನನಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ ತನ್ನ ಬಿಡಾರದ ಬಾಗಿಲಲ್ಲಿ ಕಂಡಳು. ಕರಟದಲ್ಲಿ ನೀರು ಹಿಡಿದು, "ಮೊದ್ಲು ಇದ ಕುಡೀರಿ ಅಮ್ಮಾರೇ. ಕುಡುದ್ರೆ ನೀವು ನಮ್ಮೋರು. ಆಮೇಲೆ ಕಾಲು ಮುಟ್ಟಿದ್ರೆ ಪಾಪ ಇಲ್ಲ" ಎಂದಳು.

'ಕೂಡಲೇ ಕುಡಿದೆ' ಎಂದು ಆಮೇಲೆ ಕಾಲೇಜಿಗೆ ಬರೆದುಕೊಟ್ಟ ನನ್ನ ಪ್ರಬಂಧದಲ್ಲಿದೆ. ಸಾಲಿನ್ಸ್ ಅಮ್ಮನವರು ಮೆಚ್ಚಿ, ತರಗತಿಗೆಲ್ಲ ಓದಿ ಹೇಳಿದರು. ಸಭಿಕರೇ, ಅದು ಸುಳ್ಳು. ಕೀವಿಗೆ ಹೇಸದ ನನಗೆ ಆ ನೀರು ಕುಡಿಯಲಾಗಲಿಲ್ಲ. ನಾನು ಹುಟ್ಟಿದ ಮನೆಯೆಲ್ಲ ನನ್ನ ಗಂಟಲಲ್ಲಿ ಕೂತಿತ್ತು. ಏನು ಓದಿದ್ದೆ ನಾನು? ಯಾರ ಸೇವೆಗೆ ಹೋಗಿದ್ದೆ? ಕರಟವನ್ನು ತುಟಿಯವರೆಗೆ ತಂದು ಮತ್ತೆ ಇಳಿಸಿದೆ. ಸಿದ್ದಿ ನೋಡಿದಳು, ನಕ್ಕಳು.

"ಇರ್ಲಿ, ಮೆಲ್ಲಗೆ ಕುಡೀರಿ. ನಂಗೂ ಕಾಲು ಕೊಡಾಕೆ ಹೆದ್ರಿಕೆನೇ" ಎಂದು, ನಾನು ಕುಡಿಯುವ ಮೊದಲೇ ಕಾಲು ನೀಡಿದಳು.

ಆಮೇಲೆ ಕುಡಿದೆ, ಹುಣ್ಣು ತೊಳೆದು ಔಷಧಿ ಕಟ್ಟಿದೆ. ಅವಳ ಕಾಲೂ ಉಳಿಯಿತು. ಇವತ್ತು ತೋಟದಲ್ಲಿ ಪಿಕ್ಕಿಂಗ್, ಕಾಫಿ ಹಣ್ಣಿನ ಕೊಯ್ಲು, ಇದೆಯೆಂದು ಅವಳು ಈ ಸಭೆಗೆ ಬರಲಿಲ್ಲ.

ಸಾಲಿನ್ಸ್ ಅಮ್ಮ, ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ಓದಿಸಿದ ನಿಮಗೂ, ಹರಸಿದ ಊರಿಗೂ, ನಾನು ಆ ನೀರು ಕುಡಿದು ಅವಳ ಕಡೆಯವಳಾಗುವ ಮೊದಲೇ ನನ್ನನ್ನು ನಂಬಿದ ಸಿದ್ದಿಗೂ ಕೈ ಜೋಡಿಸುತ್ತೇನೆ. ನಮಸ್ಕಾರ.