ಜಾಹೀರಾತು ಒತ್ತಿದರೆ ಬಟನ್ ಬಿಟ್ಟಿ

ಹಲೋ… ಯಾರು ಮಾತಾಡೋದು? ಒಂದ್ನಿಮಿಷ ತಡೀರಿ, ಬಾಯಲ್ಲಿ ಸ್ಕ್ರೂ ಇದೆ… ಹಾಂ, ಜೇಬಿಗೆ ಹಾಕ್ಕೊಂಡೆ. ಈಗ ಹೇಳಿ, ಯಾರು?

…ಪುಟ್ಟೀನಾ? ಬೇರೆ ನಂಬರಿಂದ ಮಾಡಿದ್ರೆ ಮಾವನಿಗೆ ಹೇಗೆ ಗೊತ್ತಾಗ್ಬೇಕು ಕಣೇ. ಏಣಿ ಮೇಲಿದೀನಿ. ಅಂಗಡಿ ಬೋರ್ಡು ಬಿಚ್ತಾ ಇದ್ದೆ… ಹೌದು, ‘ಟೈಲರ್’ ಅನ್ನೋ ಬೋರ್ಡೇ. ಒಂದು ಮೂಲೆ ಬಿಚ್ಚಿದ್ದಾಯ್ತು, ನೇತಾಡ್ತಿದೆ.

…ನಿಮ್ಮತ್ತೆ ಹೇಳಿದ್ಲಾ? ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ಹೌದಮ್ಮ, ಇವತ್ತಿಗೆ ಹೊಲಿಗೆ ಮುಗೀತು. ಅಂಗಡೀನ ಪಕ್ಕದ ಚಪ್ಪಲಿ ಅಂಗಡಿಯೋರಿಗೆ ಬಾಡಿಗೆಗೆ ಕೊಡ್ತೀನಿ. ಕೀ ತಗೊಳ್ಳೋಕೆ ಬಂದಿದಾರೆ, ಒಳಗೆ ಗೋಡೆ ಅಳೀತಿದಾರೆ… ಸಾರ್, ಆ ಟೇಪು ನಂದು. ಹಾಗೆ ಎಳೀಬೇಡಿ, ಹಿಗ್ಗುತ್ತೆ.

…ಯಾಕೆ ಅಂತ ನೀನು ಕೇಳ್ತೀಯಾ? ಬಾಲ್ಕನಿ ಗಿಡದ ಬಗ್ಗೆ ಬ್ಲಾಗ್ ಬರ್ದು ನೀನು ಮನೆ ನಡೆಸ್ತಿಲ್ವಾ? ಒಂದು ಬದನೆ ಗಿಡಕ್ಕೆ ಹುಳ ಬಂದ್ರೆ ಅದರಿಂದ ನಿನ್ನ ಕರೆಂಟ್ ಬಿಲ್ ಕಟ್ಟೋ ದುಡ್ಡು ಬರುತ್ತೆ. ನಾನೂ ಬರೀತಿದೀನಿ, ನಂಗೂ ಜಾಹೀರಾತು ಬಂದಿದೆ, ಪರದೆ ಮೇಲೆ ದುಡ್ಡು ಏರ್ತಾ ಇದೆ. ಇನ್ನು ಕಣ್ಣು ಕಿರಿದು ಮಾಡ್ಕೊಂಡು ಸೂಜಿಗೆ ದಾರ ಯಾಕೆ ಪೋಣಿಸ್ಲಿ?

…ಏನಂದೆ? ನೀನು ಕೆಲಸ ಬಿಟ್ಟು ಶುರು ಮಾಡಿದ್ದಲ್ವಾ?

…ಹಲ್ಲಿನ ಡಾಕ್ಟರ್ ಹತ್ರಾನೇ ಇದ್ಯಾ? ಮೂರು ವರ್ಷ? ಹಗಲು ಅಲ್ಲಿ ಚೀಟಿ ಹರಿದು, ಬೆಳಗ್ಗೆ ಬೇಗ ಎದ್ದು ಬರೀತಿದ್ಯಾ? ನಿಮ್ಮಮ್ಮ ಇದನ್ನ ಹೇಳ್ಲೇ ಇಲ್ವಲ್ಲೇ. ‘ನನ್ನ ಮಗಳು ಕೂತಲ್ಲೇ ದುಡೀತಾಳೆ’ ಅಂತ ಊರಿಗೆಲ್ಲ ಸಾರಿದಾಳೆ, ಆ ಮೂರು ವರ್ಷ ಮಾತ್ರ ಗುಳುಂ ಅಂತ ನುಂಗಿಬಿಟ್ಟಿದಾಳೆ. ಅಕ್ಕ ಚಿಕ್ಕೋಳಿದ್ದಾಗ್ಲಿಂದ ಹಾಗೇ.

…ಸರಿ, ಸರಿ, ಇಳೀತೀನಿ. ಏಣಿ ಮೇಲೆ ವಾದ ಮಾಡ್ಬಾರ್ದು… ಹಾಂ, ಇಳಿದೆ. ಕಟಿಂಗ್ ಟೇಬಲ್ ಹತ್ರ ಬಂದೆ. ಹೇಳು.

…ಏನೇನು ಬರ್ದಿದೀನಾ? ಎಲ್ಲಾದ್ರ ಬಗ್ಗೆನೂ. ತೂಕ ಇಳಿಸೋದು, ಯಾವ ಮೊಬೈಲ್ ತಗೋಬೇಕು, ಸಮುದ್ರ ತೀರದಲ್ಲಿ ನೋಡ್ಬೇಕಾದ ಜಾಗಗಳು… ಇಲ್ಲ, ಹೋಗಿಲ್ಲ. ಹೋಗ್ಬೇಕು ಅಂತಿದೆ. ಆಮೇಲೆ ಕೂದಲು ಉದುರೋದಕ್ಕೆ ಮನೆಮದ್ದು… ನಗು, ನಗು. ಉದುರೋದ್ರಲ್ಲಿ ನನಗಿಂತ ಅನುಭವ ಇನ್ಯಾರಿಗಿದೆ, ತಲೆ ನೋಡಿಲ್ವಾ ನೀನು?

…ಫೋಟೋ? ಅಲ್ಲಿ ಇಲ್ಲಿ ಸಿಕ್ಕಿದ್ದು ತಗೊಂಡೆ. ಕೆಲವು ಸಾಲೂ ಹಾಗೇ… ಅಯ್ಯೋ, ಅದ್ರಲ್ಲೇನಿದೆ? ಚೆನ್ನಾಗಿತ್ತು, ಎತ್ಕೊಂಡೆ.

…ಹೂಂ. ಹೂಂ. ಇಲ್ಲ, ಬೇರೆಯೋರು ಹೊಲಿದ ಕೋಟಿಗೆ ನನ್ನ ಲೇಬಲ್ ಹಚ್ಚೋ ಜಾತಿ ಅಲ್ಲಮ್ಮ ನಾನು. ಒಂದು ಸಲ ಹಾಗೆ ಮಾಡು ಅಂದ ಗಿರಾಕೀನ ಬಾಗಿಲಿಂದಲೇ ಕಳಿಸಿದೀನಿ… ಓ. ಹೌದಲ್ವಾ. ನೀನು ಅದನ್ನೇ ಹೇಳ್ತಿದೀಯ.

…ಸರಿ, ಅವನ್ನ ತೆಗೀತೀನಿ. ಆದ್ರೂ ಓದೋರು ಇದಾರಲ್ಲ ಪುಟ್ಟಿ. ಜಾಹೀರಾತು ಒತ್ತೋರು ಇದಾರೆ, ದಿನಾ ಒತ್ತಾರೆ. ಅದಕ್ಕೆ ನಂದೇ ಒಂದು ಉಪಾಯ, ನೀನೂ ಕೇಳಿರಲ್ಲ. ಟ್ರಯಲ್‌ಗೆ ಅಂತ ಬಂದೋರು ಬೆಂಚಿನ ಮೇಲೆ ಸುಮ್ನೆ ಕೂತಿರ್ತಾರಲ್ವಾ? ಲ್ಯಾಪ್‌ಟಾಪ್ ಅವರ ಮುಂದೆ ಇಡ್ತೀನಿ. ಒಂದು ಜಾಹೀರಾತು ಒತ್ತಿದ್ರೆ ಒಂದು ಬಟನ್ ಬಿಟ್ಟಿ. ಹೊಲಿಸ್ಕೊಂಡು ಹೋಗ್ತಾರೆ, ಖುಷಿಯಾಗಿ. ಮೊನ್ನೆ ಬ್ಯಾಂಡ್‌ ಬಾರಿಸೋರು ಇಡೀ ತಂಡದ ಸಮವಸ್ತ್ರ ತಂದು, ಎದೆ ತುಂಬ ಬಟನ್ ಹಾಕಿಸ್ಕೊಂಡು ಹೋದ್ರು. ಒಬ್ಬೊಬ್ರೂ ಬೆರಳು ನೋಯೋವರೆಗೆ ಒತ್ತಿದ್ರು.

…ಹಲೋ? ಪುಟ್ಟಿ? ಯಾಕೆ ಕಿರುಚ್ತೀಯಾ?

…ಈಗ್ಲೇ ನಿಲ್ಲಿಸ್ಬೇಕಾ? ತಪ್ಪಾ ಅದು?… ಮನೇಲಿ? ಮನೇಲಿ ಅತ್ತೆ, ಅವಳ ಇಬ್ಬರು ತಂಗೀರು, ಊಟ ಆದ್ಮೇಲೆ ಸಾಲಾಗಿ ಕೂತು ಒತ್ತಾರೆ. ಪ್ರೀತಿ ಕಣೇ. ಚಿಕ್ಕ ತಂಗಿ ಅಂತೂ ಒಂದೇ ಟೈರಿನ ಜಾಹೀರಾತು ಎಷ್ಟು ಸಲ ಒತ್ತಿದಾಳೋ, ಅವಳ ಹತ್ರ ಇರೋದು ಸೈಕಲ್ಲು.

…ಮೇಲ್? ಬಂದಿದೆ, ಜಾಹೀರಾತು ಕಂಪನಿಯಿಂದ ನಿನ್ನೆ ಒಂದು ಬಂತು. ಶಭಾಷ್ ಅಂತಿರ್ಬೇಕು ಅಂತ ಓದ್ಲಿಲ್ಲ… ಈಗ್ಲೇನಾ? ಲ್ಯಾಪ್‌ಟಾಪ್ ತೆಗೀತೀನಿ ಇರು. ಕನ್ನಡಕ… ಸಾರ್, ನೀವು ಕೂತಿರೋ ಸ್ಟೂಲ್ ಮೇಲೆ ನನ್ನ ಕನ್ನಡಕ ಇತ್ತು. ಸ್ವಲ್ಪ ಎದ್ದೇಳಿ. ನಿಧಾನಕ್ಕೆ… ಸದ್ಯ, ಒಡೆದಿಲ್ಲ.

ಹಾಂ. ‘ಒಂದೇ ಜಾಗದಿಂದ ಮತ್ತೆ ಮತ್ತೆ ಒತ್ತಿರುವುದು ಕಂಡುಬಂದಿದೆ’… ಹೂಂ… ‘ಖಾತೆಯನ್ನು ನಿಲ್ಲಿಸಲಾಗಿದೆ’… ‘ಹಣವನ್ನು ಜಾಹೀರಾತು ಕೊಟ್ಟವರಿಗೆ ಹಿಂದಿರುಗಿಸಲಾಗುವುದು.’

…

ಇನ್ನೊಂದ್ಸಲ ಓದಿದೆ. ಅದೇ ಇದೆ.

…ಇಲ್ಲ ಕಣೇ, ಬೈಬೇಡ. ಮೋಸ ಅಂತ ಅನ್ನಿಸ್ಲೇ ಇಲ್ಲ. ಅಂಗಡಿಗೆ ಬಂದೋರು ಒಳಗೆ ಬಂದು ನೋಡಿ ಹೋದ ಹಾಗೆ ಅಂದ್ಕೊಂಡೆ… ಹೌದು. ಆ ಟೈರಿನೋನು ಗಿರಾಕಿ ಬಂದ್ರು ಅಂತ ದುಡ್ಡು ಕೊಟ್ಟಿದ್ದು, ನಮ್ಮನೆಯೋರು ಕೂತು ಒತ್ಲಿ ಅಂತ ಅಲ್ಲ. ಸರಿ. ಅರ್ಥ ಆಯ್ತು.

…ಅದೂ ನಿಜ. ಅಂಗಡಿ ಮುಚ್ಚಿದ್ರೆ ಬಟನ್‌ಗೆ ಬರೋರೂ ಇಲ್ಲ, ಒತ್ತೋರೂ ಇಲ್ಲ. ಕೂತ ಕೊಂಬೇನ ನಾನೇ ಅಳತೆ ತಗೊಂಡು ಕತ್ತರಿಸ್ತಿದ್ದೆ ಅನ್ನು.

ಸಾರ್, ಒಂದ್ನಿಮಿಷ. ಕೀ ಜೇಬಲ್ಲೇ ಇದೆ. ಅಕ್ಕನ ಮಗಳ ಫೋನು.

…ಹಾಂ, ಹೇಳು. ಎಲ್ಲಿ ಒತ್ಲಿ? ‘ಹುಡುಕಿ ಬಂದವರು’ ಅಂತಿದೆ. ಒತ್ತಿದೆ… ತೂಕ ಇಳಿಸೋದು, ಸೊನ್ನೆ. ಮೊಬೈಲು, ಸೊನ್ನೆ. ಕೂದಲು, ಒಬ್ರು. ಪಾಪ, ಯಾರೋ… ತಡಿ. ಇದೇನಿದು? ‘ಜಿಪ್ಪು ಕಚ್ಚದೇ ಇದ್ದರೆ.’ ಇದಕ್ಕೆ ಇಷ್ಟೊಂದು ಜನಾನಾ? ಈ ಗೆರೆ ಹುಡುಗರ ಗಾಳಿಪಟದ ಹಾಗೆ ಮೇಲೆ ಹೋಗಿದೆಯಲ್ಲೇ.

…ಅದಾ? ಸಿಟ್ಟಲ್ಲಿ ಬರ್ದಿದ್ದು. ಜಿಪ್ಪು ಕಚ್ತಿಲ್ಲ ಅಂತ ಒಳ್ಳೆ ಬ್ಯಾಗನ್ನ ಬಿಸಾಕೋಕೆ ಹೊರಟಿದ್ರು ಒಬ್ರು. ಹಲ್ಲು ಚೆನ್ನಾಗಿದೆ ಸ್ವಾಮಿ, ಅದರ ಮೇಲೆ ಜಾರೋ ರನ್ನರ್ ಸಡಿಲ ಆಗಿದೆ ಅಷ್ಟೆ, ಇಕ್ಕಳದಲ್ಲಿ ಎರಡೂ ಕಡೆ ಮೆಲ್ಲಗೆ ಒತ್ತಿ, ಮೊಟ್ಟೆ ಹಿಡಿದ ಹಾಗೆ ಅಂತ. ಫೋಟೋ ಅತ್ತೆ ತೆಗೆದಿದ್ದು, ನನ್ನ ಕೈಯೇ. ಉಗುರಲ್ಲಿ ಸೀಮೆಸುಣ್ಣ ಇದೆ ನೋಡು… ಓದೋರಿಗೆ ಅದೇ ಬೇಕಾ? ಸೀಮೆಸುಣ್ಣಾನಾ?

…ಕೆಳಗೆ? ಓದಿಲ್ಲ. ಕೆಳಗೆ ಏನಿರುತ್ತೆ… ಓ. ಜನ ಬರ್ದಿದಾರೆ. ‘ಪ್ರಯಾಣಕ್ಕೆ ಹೊರಟಾಗ ಸೂಟ್‌ಕೇಸ್ ಬಾಯಿ ಬಿಟ್ಟಿತು, ನಿಮ್ಮಿಂದ ಬಚಾವಾದೆ.’ ಇನ್ನೊಂದು… ‘ತೀರಿಹೋದ ನಮ್ಮ ತಂದೆಯ ಜಾಕೆಟ್. ಜಿಪ್ಪು ಹೋಗಿ ಬೀರುವಿನಲ್ಲೇ ಇತ್ತು. ನಿಮ್ಮ ಹಾಗೆ ಮಾಡಿದೆ. ಈಗ ದಿನಾ ಹಾಕಿಕೊಳ್ಳುತ್ತಿದ್ದೇನೆ.’

…

ಏನಿಲ್ಲ, ಕನ್ನಡಕ ಒರೆಸ್ಕೊಂಡೆ. ಇವರು ಕೂತಿದ್ರಲ್ಲ ಅದರ ಮೇಲೆ.

…ಇರು, ಇಲ್ಲೊಬ್ರು ಕೇಳಿದಾರೆ. ‘ನನ್ನ ಕೈಯಲ್ಲಿ ಆಗುತ್ತಿಲ್ಲ. ಟೆಂಟ್ ಪಾರ್ಸೆಲ್ ಮಾಡಿದರೆ ಸರಿ ಮಾಡಿ ಕಳಿಸುತ್ತೀರಾ? ಎಷ್ಟು ತೆಗೆದುಕೊಳ್ಳುತ್ತೀರಿ?’ ಅದರ ಕೆಳಗೆ ಇನ್ನೊಬ್ರು, ‘ನನ್ನದೂ ಒಂದಿದೆ.’ ಪುಟ್ಟಿ, ಇವರು ಯಾವಾಗ ಕೇಳಿದ್ದು? ನಾನು ಕೂದಲ ಬಗ್ಗೆ ಬರೀತಾ ಕೂತಿದ್ನಲ್ಲೇ.

…ಹೂಂ… ಹೂಂ… ಜಾಹೀರಾತಿನೋರಿಗೆ ನಿಜ ಹೇಳಿ ಬರೀತೀನಿ. ಖಾತೆ ಮತ್ತೆ ತೆರೆದ್ರೆ ತೆರೀಲಿ, ಇಲ್ದಿದ್ರೆ ಇಲ್ಲ… ನಿಧಾನ ಅಂದ್ರೆ ಎಷ್ಟು ನಿಧಾನ? ನಿನ್ನ ಹಾಗೆ ಮೂರು ವರ್ಷಾನಾ?… ಆಗ್ಲಿ. ಅಲ್ಲೀವರೆಗೂ ಹೊಟ್ಟೆಗೆ ಹೊಲಿಗೆ ಇದೆಯಲ್ಲ. ಮುಂದಿನ ವಾರ ಕಾಲರ್ ತಿರುಗಿಸೋದು ಬರೀತೀನಿ. ಸವೆದ ಕಡೆ ಒಳಗೆ, ಹೊಸ ಕಡೆ ಹೊರಗೆ, ಅಂಗಿಗೆ ಇನ್ನೊಂದು ಜನ್ಮ. ಆಮೇಲೆ ಬಟನ್ ತೂರಿಸೋ ಕಾಜಾ… ಹಾಂ? ಬಟ್ಟೆ ಎಲ್ಲಿಂದ ಅಂದ್ರೆ? ಗಿರಾಕಿ ತರ್ತಾರೆ. ಮಷೀನ್ ಇಲ್ಲೇ ಇದೆ. ಬೆಳಕೂ ಈ ಟೇಬಲ್ ಮೇಲೇ ಚೆನ್ನಾಗಿ ಬೀಳೋದು.

…ನೀನು ಬಾಯಿ ಬಿಟ್ಟು ಹೇಳ್ಬೇಡ. ಗೊತ್ತಾಯ್ತು.

ಫೋನು ಕುಯ್ ಕುಯ್ ಅಂತಿದೆ, ಚಾರ್ಜ್ ಇಲ್ಲ. ಇಡ್ಬೇಡ, ಇರು. ಇವರು ಕೈ ಚಾಚಿಕೊಂಡು ನಿಂತಿದಾರೆ.

ಸಾರ್, ಆ ಟೇಪು ಕೊಡಿ ಇಲ್ಲಿ… ಇಲ್ಲ, ಅಳತೆ ಸಾಕು. ಆ ಏಣಿ ಸ್ವಲ್ಪ ಹಿಡ್ಕೋತೀರಾ? ಬೋರ್ಡಿನ ಮೂಲೆ ಮತ್ತೆ ಕೂರಿಸ್ಬೇಕು… ಹೌದು, ಮತ್ತೆ.

…ಬಾಡಿಗೆ ಜಾಸ್ತಿ ಕೊಡ್ತೀರಾ? ಬೇಡ… ಅಡ್ವಾನ್ಸ್ ಈಗ್ಲೇನಾ? ಬೇಡ, ಒಳಗಿಟ್ಕೊಳ್ಳಿ. ನಿನ್ನೆ ಹೂಂ ಅಂದೋನು ನಾನೇ, ಓಡಾಡಿಸಿದ್ದು ತಪ್ಪಾಯ್ತು. ನಿಮ್ಮ ಪ್ಯಾಂಟು ಒಂದು ನಾನೇ ಹೊಲಿದು ಕೊಡ್ತೀನಿ.

ನೋಡು ಪುಟ್ಟಿ, ಈಗ ಮನೆಯೋರಿಗೆಲ್ಲ ಒಂದೊಂದು ಜೊತೆ ಚಪ್ಪಲಿ ಬಿಟ್ಟಿ ಅಂತಿದಾರೆ. ನನ್ನ ಉಪಾಯ ನನಗೇ ಹಾಕ್ತಿದಾರೆ… ಇಲ್ಲ ಸಾರ್. ನನ್ನ ಹೆಂಡ್ತಿಗೂ ಬೇಡ, ಅವಳ ತಂಗೀರಿಗೂ ಬೇಡ. ಕೀ ಕೊಡಲ್ಲ.

ಕೇಳಿಸ್ತಾ ಪುಟ್ಟಿ? ಕೊಡಲ್ಲ ಅಂದೆ. ಕೊಡ…