ಫೋನ್ ಹಚ್ಚು ಅಂದರೆ ಏನು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ವಾಸ್ಕೋದ ಕನ್ನಡ ಬಾಂಧವರೇ, ಜೇಬಿನಲ್ಲಿ ಸತ್ತ ಫೋನು ಇಟ್ಟುಕೊಂಡು ಕೂತಿರುವ ಸಭಿಕರೇ,

ಮೊಬೈಲ್ ರಿಪೇರಿ ಮಾಡುವ ಈ ಕುಬೇರನಿಗೆ ಶಾಲು ಹೊದಿಸಿದ್ದೀರಿ. ಗೋವಾದ ಈ ಸೆಕೆಯಲ್ಲಿ ಇದು ಸನ್ಮಾನವೋ ಶಿಕ್ಷೆಯೋ ತಿಳಿಯದು. ಇರಲಿ.

‘ನಮ್ಮ ಕಟ್ಟಿ’ಯ ಬಗ್ಗೆ ನಾಲ್ಕು ಮಾತಾಡು ಎಂದಿದ್ದಾರೆ. ಅಂಗಡಿಯ ಹಳೇ ಲ್ಯಾಪ್‌ಟಾಪಿನಲ್ಲಿ ನಾನೇ ನಡೆಸುವ ಆನ್‌ಲೈನ್ ಕಟ್ಟೆ ಅದು. ಎಲ್ಲಿ ಕೆಲಸವಿದೆ, ಯಾರಿಗೆ ರಕ್ತ ಬೇಕು, ಊರಿನ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆ, ಎಲ್ಲ ಅಲ್ಲಿ. ಇದಕ್ಕೆ ದೊಡ್ಡ ಕಂಪನಿಯವರು ಪುಕ್ಕಟೆ ಕೊಡುವ ಆನ್‌ಲೈನ್ ಜಾಗ ಯಾಕೆ ಬೇಡ? ಬಾಡಿಗೆ ಮನೆಯ ಪಾಡು ನಮಗೆ ಗೊತ್ತಿಲ್ಲವೇ? ಮಾಲೀಕ ಏಳು ಎಂದರೆ ಏಳಬೇಕು. ಸ್ವಂತ ಕಟ್ಟೆಯಿಂದ ಎಬ್ಬಿಸುವವರು ಯಾರು? ಆದರೆ ಸ್ವಂತದ್ದನ್ನು ಸ್ವಂತ ಕೈಯಿಂದಲೇ ಗುಡಿಸಬೇಕು, ವಾರಕ್ಕೊಮ್ಮೆ ಎಲ್ಲದರ ನಕಲು ತೆಗೆದಿಡಬೇಕು.

ಇನ್ನು ಚಾರ್ಜಿಂಗ್. ಬ್ಯಾಟರಿ ಪೂರ್ತಿ ಸಾಯುವ ತನಕ ಕಾಯಬೇಡಿ. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಿ ನೋಡಬೇಡಿ, ಅದು ಪೂರಿಯಲ್ಲ. ಇಷ್ಟೆಲ್ಲ ಹೇಳುವ ನಾನು ಮಾಡಿದ್ದೇನು?

ಹೋದ ಶ್ರಾವಣದಲ್ಲಿ ಕೆಲಸದ ಮೇಲೆ ಕೊರ್ಲಿಮ್‌ಗೆ ಹೋದವನು, ಕಟ್ಟೆಗೆ ಇಂಟರ್‌ನೆಟ್ ಕೊಡುವ ಹಳೇ ಫೋನನ್ನು ಚಾರ್ಜಿಗೆ ಹಾಕಲು ಮರೆತಿದ್ದೆ. ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುವ ದೇವಿಬಾಯಿಯವರ ಹತ್ತಿರ ನನ್ನ ಅಂಗಡಿಯ ಕೀಲಿ ಇರುತ್ತದೆ. ಅಲ್ಲಿಂದಲೇ ಅವರಿಗೆ ಫೋನ್ ಮಾಡಿ ಹೇಳಿದೆ: “ದೇವಕ್ಕಾ, ಅಂಗಡ್ಯಾಗಿನ ಹಳೇ ಫೋನ್ ಲಗೂನ ಹಚ್ಚು.”

ನಮ್ಮ ಕಡೆ ಹಚ್ಚುವುದು ಒಂದೇ ಬಗೆಯೇ? ದೀಪ ಹಚ್ಚುತ್ತೇವೆ, ಎಣ್ಣೆ ಹಚ್ಚುತ್ತೇವೆ, ಜಗಳ ಹಚ್ಚುತ್ತೇವೆ. ಚಾರ್ಜಿಗೂ ಹಚ್ಚುತ್ತೇವೆ, ಕರೆ ಮಾಡುವುದಕ್ಕೂ ಫೋನ್ ಹಚ್ಚು ಎನ್ನುತ್ತೇವೆ. ದೇವಕ್ಕ ಕರೆಯನ್ನೇ ಹಚ್ಚಿದರು. ಯಾರಿಗೆ? ಆ ಫೋನಿನಲ್ಲಿ ಒತ್ತಿದ ನಂಬರು ಇದ್ದದ್ದು ಒಂದೇ. ಉಸಗಾಂವದಲ್ಲಿ ಟಿಪ್ಪರ್ ಓಡಿಸುವ ನನ್ನ ಅಣ್ಣ ಪರಮಣ್ಣನದು.

ನಮಗಿಬ್ಬರಿಗೂ ಆರು ವರ್ಷದಿಂದ ಮಾತಿರಲಿಲ್ಲ. “ಡಬ್ಬಿ ಬಿಚ್ಚೂದೂ ಒಂದು ಉದ್ಯೋಗೇನಲೇ?” ಎಂದು ನನ್ನ ರಿಪೇರಿ ಕೆಲಸವನ್ನು ಹೀಯಾಳಿಸಿದ್ದ. ನಾನೂ ಆಡಬಾರದ್ದು ಆಡಿದ್ದೆ. ಹಾಗಾದರೆ ಅವನ ನಂಬರು ಯಾಕಿತ್ತು ಎನ್ನುತ್ತೀರಾ? ಇದನ್ನು ಹೇಳಬಾರದೆಂದೇ ಬಂದಿದ್ದೆ. ಹಬ್ಬ ಬಂದಾಗಲೆಲ್ಲ ಒತ್ತುತ್ತಿದ್ದೆ. ರಿಂಗಾಗುವ ಮೊದಲೇ ಕಟ್ ಮಾಡುತ್ತಿದ್ದೆ.

ದೇವಕ್ಕ, “ಕುಬೇರ ಹಚ್ಚಂದಾನ್ರಿ, ಅವ ಈಗ...” ಎನ್ನುವಷ್ಟರಲ್ಲಿ ಬ್ಯಾಟರಿ ಸತ್ತಿತು. ಅತ್ತ ಅಣ್ಣನಿಗೆ ಏನನ್ನಿಸಿರಬೇಡ? ಟಿಪ್ಪರ್ ಬಿಟ್ಟು ಮೋಟಾರ್‌ಸೈಕಲ್ ಹತ್ತಿದ. ನಾನು ಮರಳಿದಾಗ ಮಳೆಯಲ್ಲಿ ತೊಯ್ದು ಅಂಗಡಿ ಮುಂದೆ ನಿಂತಿದ್ದ.

“ಜೀವಂತ ಅದಿ ಏನಲೇ, ಖೋಡಿ!” ಎಂದು ಬೈದ. ಬೈಯುತ್ತಲೇ ಅತ್ತ. ಆಮೇಲೆ ಆ ಫೋನನ್ನು ತಾನೇ ಚಾರ್ಜಿಗೆ ಹಚ್ಚಿದ.

ಅಂದು ಆ ಫೋನು ಸತ್ತು ಕಟ್ಟೆ ಮುಚ್ಚಿದ್ದಕ್ಕೆ ನಿಮ್ಮಲ್ಲಿ ಭಾಳ ಮಂದಿ ನನಗೆ ಬೈದಿರಿ. ಬೈರಿ, ಖರೇ ಹೇಳತೇನಿ, ಚಲೋನ ಆತು.

ಈ ಶಾಲು ದೇವಕ್ಕನಿಗೆ ಸಲ್ಲಬೇಕು, ಈಗಲೇ ಕೊಡುತ್ತೇನೆ. ಕರೆದ ಸಂಘಕ್ಕೆ, ಕೇಳಿದ ನಿಮಗೆ, ಎರಡನೇ ಸಾಲಿನಲ್ಲಿ ಕೂತು ತಲೆ ತಗ್ಗಿಸಿರುವ ನನ್ನ ಅಣ್ಣನಿಗೆ ಧನ್ಯವಾದ. ನಿಮ್ಮ ಫೋನಿನಲ್ಲೂ ಒತ್ತಿ ಕಟ್ ಮಾಡಿದ ನಂಬರು ಇದ್ದರೆ ಊಟಕ್ಕೆ ಏಳುವ ಮೊದಲು ಹಚ್ಚಿರಿ. ಚಾರ್ಜ್ ಇರುವಾಗಲೇ ಹಚ್ಚಿರಿ.

ನಮಸ್ಕಾರ.