ಓದುವ ಕೋಣೆಯ ಮುಂದೆ ಬಸ್ಸು ನಿಂತ ಬಗ್ಗೆ

ನಾನು, ಊರಿನವರ ಬಾಯಲ್ಲಿ ಗುಂಡಿಯಕ್ಕ, ವಯಸ್ಸು ಐವತ್ತಮೂರು ವರ್ಷ, ಕಸುಬು ಹೆಂಗಸರ ಮತ್ತು ಮಕ್ಕಳ ಬಟ್ಟೆ ಹೊಲಿಯುವುದು, ವಾಸ ಸಾರ್ವಜನಿಕ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಎಡಕ್ಕೆ ಮೂರನೇ ಮನೆ, ಅದೇ ಗ್ರಂಥಾಲಯದ ಆಡಳಿತ ಮಂಡಳಿಯ ನಾಗರಿಕ ಸದಸ್ಯೆ, ಠಾಣೆಯಿಂದ ಕರೆ ಬಂದಿದ್ದರಿಂದ ಈ ಬೆಳಿಗ್ಗೆ ಹಾಜರಾಗಿ, ಕೇಳಿದ್ದಕ್ಕೂ ಕೇಳದಿದ್ದಕ್ಕೂ ಸೇರಿಸಿ ತಿಳಿಸುವುದೇನೆಂದರೆ:

ನಮ್ಮ ಮಂಡಳಿಯಲ್ಲಿ ಏಳು ಜನರಿದ್ದೇವೆ. ಎಲ್ಲರೂ ಓದುಗರು ಆರಿಸಿ ಕಳಿಸಿದವರು. ಸಂಬಳವಿಲ್ಲ, ಸಭೆಯ ದಿನ ಒಂದೊಂದು ಲೋಟ ಚಹಾ ಉಂಟು. ಅಧ್ಯಕ್ಷರು ನಿವೃತ್ತ ಸರ್ವೇಯರ್. ದೂರು ಕೊಟ್ಟವರು ಅವರೇ. ಮಂಡಳಿಗೆ ಬೇರೆ ಕೊಠಡಿ ಇಲ್ಲದ ಕಾರಣ ಸಭೆ ನಡೆಯುವುದು ಮೇಲಂತಸ್ತಿನ ಓದುವ ಕೋಣೆಯಲ್ಲಿ, ರಸ್ತೆ ಕಡೆಯ ದೊಡ್ಡ ಮೇಜಿನ ಸುತ್ತ. ಸುತ್ತಮುತ್ತ ಜನ ಓದುತ್ತಿರುತ್ತಾರೆ. ಹಾಗಾಗಿ ನಾವು ಜಗಳವನ್ನೂ ಮೆಲ್ಲಗೆ ಆಡುವುದನ್ನು ಕಲಿತಿದ್ದೇವೆ. ಜೋರಾಗಿ ಆಡುವ ಅವಕಾಶವಿದ್ದರೆ ಈ ಪ್ರಕರಣ ಇಷ್ಟು ದೂರ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕೋಣೆಯನ್ನು ಮುಚ್ಚಿ ತಮ್ಮ ಭಾಮೈದನ ಜಿಮ್ಮಿಗೆ ಬಾಡಿಗೆಗೆ ಕೊಡಬೇಕೆಂದು ಅಧ್ಯಕ್ಷರು ನಾಲ್ಕು ತಿಂಗಳಿಂದ ಹಟ ಹಿಡಿದಿದ್ದಾರೆ. ನನ್ನ ಸೊಸೆ ದಿನವೂ ಓದಿಕೊಳ್ಳುವುದು ಅಲ್ಲೇ. ನರ್ಸಿಂಗ್ ಪರೀಕ್ಷೆಗೆ ಇನ್ನು ಆರು ವಾರವಿದೆ. ಹೋದ ವರ್ಷ ಅವಳು ಮನೆಯಲ್ಲೇ ಓದಿ ಫೇಲಾದಳು. ನಮ್ಮದು ಒಂದೂವರೆ ಕೋಣೆಯ ಮನೆ, ಆ ಅರ್ಧ ಕೋಣೆಯೇ ನನ್ನ ಅಂಗಡಿ, ಅಲ್ಲಿ ಎರಡು ಹೊಲಿಗೆ ಯಂತ್ರ ಓಡುತ್ತವೆ, ರಾತ್ರಿ ಪಾಳಿಯ ನನ್ನ ಮಗ ಹಗಲು ಮಲಗಿ ಗೊರಕೆ ಹೊಡೆಯುತ್ತಾನೆ. ಆ ಕೋಣೆ ಹೋದರೆ ಅವಳ ಈ ವರ್ಷವೂ ಹೋದಂತೆ. ಇದನ್ನು ನಾನು ಮಂಡಳಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ. ಅವಳಂಥವರು ಅಲ್ಲಿ ಪ್ರತಿ ಮೇಜಿಗೂ ಇದ್ದಾರೆ ಎಂದೂ ಹೇಳಿದ್ದೇನೆ.

ಅಧ್ಯಕ್ಷರ ಕಡೆ ಮೂರು ಮತ, ನಮ್ಮ ಕಡೆ ಮೂರು. ಏಳನೆಯವರು ಡ್ರೈವರಣ್ಣ. ಹನ್ನೊಂದನೇ ನಂಬರಿನ ಬಸ್ಸು ಓಡಿಸುತ್ತಾರೆ. ಕೋಣೆ ಉಳಿಯಬೇಕೆಂದು ಅವರು ಮೊದಲಿನಿಂದಲೂ ಹೇಳುತ್ತಿದ್ದಾರೆ. ಅವರು ಬಾರದೆ ಮತ ಸಮವಾದರೆ ಅಧ್ಯಕ್ಷರಿಗೆ ಇನ್ನೊಂದು ಮತ ಹಾಕುವ ಅಧಿಕಾರವಿದೆ. ಡ್ರೈವರಣ್ಣನ ಪಾಳಿ ಐದೂವರೆಗೆ ಮುಗಿಯುವುದರಿಂದ ಸಭೆಯನ್ನು ಯಾವಾಗಲೂ ಆರಕ್ಕೆ ಇಡುತ್ತೇವೆ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಗ್ರಂಥಾಲಯದ ಜವಾನ ನನ್ನ ಅಂಗಡಿಗೆ ಬಂದು, ಸಭೆ ಆರಕ್ಕಲ್ಲವಂತೆ, ನಾಲ್ಕಕ್ಕೇ ಅಂತೆ ಎಂದ. ಡ್ರೈವರಣ್ಣನಿಗೆ ತಿಳಿಸಿದಿರಾ ಎಂದು ಕೇಳಿದೆ. ಅವರ ಫೋನ್ ಆಫ್ ಆಗಿದೆಯಂತೆ ಎಂದ. ಸ್ಟಿಯರಿಂಗ್ ಹಿಡಿದ ಮೇಲೆ ಅವರು ಫೋನ್ ಆಫ್ ಮಾಡುತ್ತಾರೆ ಎನ್ನುವುದು ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತು. ನನಗೆ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಮಗುವಿನ ಫ್ರಾಕಿಗೆ ತೋಳನ್ನು ತಿರುವುಮುರುವಾಗಿ ಹೊಲಿದುಬಿಟ್ಟೆ. ಅದನ್ನಿನ್ನೂ ಬಿಚ್ಚಬೇಕು.

ನಾಲ್ಕಕ್ಕೆ ಸಭೆ ಆರಂಭವಾಯಿತು. ಮೊದಲನೇ ವಿಷಯ ಕಿಟಕಿ ಪರದೆ, ಎರಡನೆಯದು ಬಾಡಿಗೆ. ಪರದೆಯ ವಿಷಯ ನನ್ನದು. ಅಧ್ಯಕ್ಷರು, ಪರದೆ ಮುಂದಿನ ತಿಂಗಳು ನೋಡಿಕೊಳ್ಳೋಣಮ್ಮ, ಜಿಮ್ಮಿಗೆ ಪರದೆ ಯಾಕೆ ಎಂದು ನಕ್ಕರು. ಸಭೆಯ ನಡಾವಳಿ ಬರೆಯುವ ಗ್ರಂಥಪಾಲಕರು ಮಾತ್ರ, ಬರೆದ ಕ್ರಮದಲ್ಲೇ ಹೋಗಬೇಕು ಸರ್ ಎಂದರು. ಆ ಹೆಂಗಸು ಯಾರ ಪರವೂ ಅಲ್ಲ, ನಿಯಮದ ಪರ. ನಾನು ಎದ್ದು ಕುತ್ತಿಗೆಯಲ್ಲಿದ್ದ ಅಳತೆ ಟೇಪು ತೆಗೆದು, ಎಂಟು ಕಿಟಕಿಗಳನ್ನೂ ಅಳೆದ ಮೇಲೆಯೇ ವರದಿ ಕೊಡುವುದು ಎಂದೆ. ದೂರಿನಲ್ಲಿ ನಾನು ಕತ್ತರಿ ತೋರಿಸಿ ಹೆದರಿಸಿದೆನೆಂದು ಬರೆದಿದೆಯಂತೆ. ಕತ್ತರಿ ಅಂಗಡಿಯಲ್ಲೇ ಇತ್ತು. ಟೇಪಿಗೆ ಹೆದರುವ ಅಧ್ಯಕ್ಷರನ್ನು ನಾನು ಎಲ್ಲೂ ಕಂಡಿಲ್ಲ.

ಹನ್ನೊಂದನೇ ನಂಬರ್ ಆ ರಸ್ತೆಯಲ್ಲಿ ಹಾದುಹೋಗುವುದು ನಾಲ್ಕೂ ಇಪ್ಪತ್ತೈದರ ಸುಮಾರಿಗೆ. ಅಲ್ಲಿಯವರೆಗೆ ಹೇಗೆ ತಳ್ಳುವುದು ಎಂದು ನನ್ನ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಒಂದೊಂದು ಕಿಟಕಿಯನ್ನೂ ಉದ್ದ, ಅಗಲ, ಮತ್ತೆ ಉದ್ದ ಎಂದು ಅಳೆದೆ. ನೆರಿಗೆಗೆ ಎಷ್ಟು ಬಿಡಬೇಕು, ಒಳಬಟ್ಟೆ ಹಾಕಬೇಕೋ ಬೇಡವೋ, ಬಣ್ಣ ಯಾವುದು ಎಂದು ಒಬ್ಬೊಬ್ಬ ಸದಸ್ಯರನ್ನೂ ಕೇಳಿದೆ. ನಮ್ಮ ಕಡೆಯ ಗಣಿತದ ಮೇಡಂ ನನ್ನ ಉಪಾಯ ಅರ್ಥ ಮಾಡಿಕೊಂಡು, ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ ಎಂಬ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅದು ನನಗೂ ಅರ್ಥವಾಗಲಿಲ್ಲ.

ಮೂರನೇ ಮೇಜಿನಲ್ಲಿದ್ದ ಸೊಸೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ನಾಲ್ಕನೇ ಕಿಟಕಿಗೆ ಬಂದಾಗ ಟೇಪಿನ ತುದಿಯಿಂದ ಕೆಳಗಿನ ರಸ್ತೆಯನ್ನು ತೋರಿಸಿದೆ. ಅವಳು ಪುಸ್ತಕ ಮುಚ್ಚಿ ಇಳಿದು ಹೋದಳು. ಅವಳಿಗೆ ನಾನು ಬೇರೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೆ ಬಸ್ಸು ನಿಲ್ಲಿಸು ಎಂಬುದೇ ಅದರ ಅರ್ಥ ಎಂದು ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಆರನೇ ಕಿಟಕಿಯಿಂದ ನಾನು ಬಸ್ಸು ಬರುವುದನ್ನು ಕಂಡೆ. ಸೊಸೆ ರಸ್ತೆಗಿಳಿದು ಎರಡೂ ಕೈ ಮೇಲೆತ್ತಿ ನಿಂತಳು. ಬಸ್ಸು ಅವಳಿಂದ ಸುಮಾರು ಹದಿನೈದು ಅಡಿ ದೂರದಲ್ಲಿ ನಿಂತಿತು. ಅಲ್ಲಿ ನಿಲ್ದಾಣವಿಲ್ಲ, ಒಪ್ಪುತ್ತೇನೆ. ಮುಂದಿನ ಮಾತು ನಾನು ಕಿವಿಯಾರೆ ಕೇಳಿದ್ದಲ್ಲ, ಸೊಸೆ ಹೇಳಿದ್ದು. ಅಣ್ಣಾ, ಓಟು ಈಗಲೇ ಅಂತೆ, ಅತ್ತೆ ಕಿಟಕಿ ಅಳೀತಾ ತಡೆದಿಟ್ಟಿದ್ದಾರೆ, ಅಲ್ಲಿ ಮೇಲೆ ನೋಡಿ, ಇನ್ನು ಎರಡೇ ಕಿಟಕಿ ಉಳಿದಿರೋದು ಎಂದಳಂತೆ. ಡ್ರೈವರಣ್ಣ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಪ್ರಯಾಣಿಕರ ಕಡೆ ತಿರುಗಿ ವಿಷಯ ಹೇಳಿ, ಐದು ನಿಮಿಷ ಕೊಡ್ತೀರಾ ಎಂದು ಕೇಳಿದರಂತೆ. ಅರ್ಜೆಂಟ್ ಇರೋರು ಹೇಳಿಬಿಡಿ, ನಾನು ಹೋಗಲ್ಲ ಎಂದೂ ಹೇಳಿದರಂತೆ. ಯಾರೂ ಬೇಡ ಎನ್ನಲಿಲ್ಲ. ಹಿಂದಿನ ಸೀಟಿನ ಒಬ್ಬ ಅಜ್ಜ, ಮನೆಗೆ ಬೇಗ ಹೋದರೆ ನಂಗೇ ಕೆಲಸ ಹೇಳ್ತಾರೆ, ಹೋಗಿ ಬಾಪ್ಪ ಎಂದರಂತೆ.

ಡ್ರೈವರಣ್ಣ ಎರಡೆರಡು ಮೆಟ್ಟಿಲು ಹಾರಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಧ್ಯಕ್ಷರ ಮುಖ ನೋಡುವಂತಿತ್ತು. ನನಗೆ ಆದ ಖುಷಿಗೆ ಟೇಪು ಕೈಯಿಂದ ಜಾರಿತು. ಗೆದ್ದೆವು ಎಂದೇ ಅಂದುಕೊಂಡೆ.

ಆಗ ಗ್ರಂಥಪಾಲಕರು ಎದ್ದು ನಿಂತರು. ನಮ್ಮಲ್ಲಿ ಒಂದು ನಿಯಮವಿದೆ. ಅವಧಿ ಮುಗಿದ ಪುಸ್ತಕವನ್ನು ಇಟ್ಟುಕೊಂಡ ಸದಸ್ಯರು, ಅದನ್ನು ವಾಪಸ್ ಮಾಡಿ ಮೊಹರು ಬೀಳುವವರೆಗೆ ಮತ ಹಾಕುವಂತಿಲ್ಲ. ಹಿಂದೆ ಅಧ್ಯಕ್ಷರು ಒಂದು ಭೂಪಟದ ಪುಸ್ತಕವನ್ನು ಎಂಟು ತಿಂಗಳು ಮನೆಯಲ್ಲಿಟ್ಟುಕೊಂಡಾಗ, ಸಿಟ್ಟಿಗೆದ್ದು ಈ ನಿಯಮ ತಂದವರು ಬೇರೆ ಯಾರೂ ಅಲ್ಲ, ಡ್ರೈವರಣ್ಣನೇ. ಗ್ರಂಥಪಾಲಕರು ಬಹಳ ಬೇಜಾರಿನ ದನಿಯಲ್ಲಿ, ನಿಮ್ಮ ಪತ್ತೇದಾರಿ ಕಾದಂಬರಿ ಮೊನ್ನೆಯೇ ಬರಬೇಕಿತ್ತು ಎಂದರು. ಡ್ರೈವರಣ್ಣ ಹಣೆ ಹಣೆ ಚಚ್ಚಿಕೊಂಡರು. ಪುಸ್ತಕ ಬಸ್ಸಲ್ಲೇ ಇದೆ, ಆದರೆ ನನ್ನ ಹತ್ತಿರ ಇಲ್ಲ ಎಂದರು.

ಸಂಗತಿ ಏನೆಂದರೆ, ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ದಿನವೂ ಅದೇ ಬಸ್ಸಿಗೆ ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಡ್ರೈವರಣ್ಣ ಓದಿ ಮುಗಿಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಪುಸ್ತಕವನ್ನು ಅವಳು ಒಮ್ಮೆ ಸುಮ್ಮನೆ ತೆರೆದು ನೋಡಿ, ಅಂದಿನಿಂದ ತನ್ನ ನಿಲ್ದಾಣ ಬರುವವರೆಗೆ ದಿನಕ್ಕಿಷ್ಟು ಎಂದು ಓದುತ್ತಿದ್ದಳಂತೆ. ಅವಳು ಮುಗಿಸಲಿ ಎಂದೇ ಇವರು ವಾಪಸ್ ಮಾಡದೆ ಉಳಿಸಿಕೊಂಡಿದ್ದರು. ಗ್ರಂಥಾಲಯದ ಸದಸ್ಯರಾದವರು ಪುಸ್ತಕ ಕಸಿದುಕೊಳ್ಳುವುದು ಹೇಗೆ ಎಂದು ನನ್ನನ್ನೇ ಕೇಳಿದರು. ನಾನು ಜಾರಿಬಿದ್ದ ಟೇಪನ್ನು ಎತ್ತಿಕೊಂಡೆ.

ಅಧ್ಯಕ್ಷರು, ಹಾಗಾದರೆ ಇವರ ಮತ ಇಲ್ಲ, ಈಗ ಕೈ ಎತ್ತಿ ಎಂದರು. ನಾನು, ಮೊದಲನೇ ವಿಷಯ ಎಲ್ಲಿ ಮುಗಿಯಿತು, ಇನ್ನೂ ಎರಡು ಕಿಟಕಿ ಬಾಕಿ ಇವೆ ಎಂದೆ. ಗ್ರಂಥಪಾಲಕರು, ಅದು ಸರಿ ಎಂದರು. ತಾವು ಹೋಗಿ ಬರುವಷ್ಟರಲ್ಲಿ ಮತ ಮುಗಿಸಿಬಿಟ್ಟಾರು ಎಂದು ಡ್ರೈವರಣ್ಣ ಕುರ್ಚಿ ಬಿಟ್ಟು ಏಳಲು ಹೆದರಿದರು. ಬಾಗಿಲಲ್ಲಿ ನಿಂತಿದ್ದ ಸೊಸೆ ಮತ್ತೆ ಕೆಳಗೆ ಓಡಿದಳು.

ಬೇಕರಿಯಾಕೆ ಪುಸ್ತಕ ಕೊಡಲು ಒಪ್ಪಲಿಲ್ಲ. ಇನ್ನು ನಾಲ್ಕೇ ಪುಟ ಇದೆ, ಕೊಂದವರು ಯಾರು ಅಂತ ಗೊತ್ತಾಗೋ ಹೊತ್ತಲ್ಲಿ ಕೊಡಿ ಅಂದರೆ ಹೇಗಮ್ಮ ಎಂದಳಂತೆ. ಸೊಸೆ, ಅಕ್ಕಾ, ಓದ್ತಾನೇ ಬನ್ನಿ, ನಾನು ಕೈ ಹಿಡ್ಕೋತೀನಿ ಎಂದಳಂತೆ. ಅಷ್ಟು ಹೊತ್ತಿಗೆ ಬಸ್ಸಿನ ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಆ ಹೆಂಗಸು ಪುಸ್ತಕದಿಂದ ಕಣ್ಣೆತ್ತದೆ ಇಳಿದಳು, ಕಣ್ಣೆತ್ತದೆ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಬಸ್ಸಿನಿಂದ ಇಪ್ಪತ್ತು ಇಪ್ಪತ್ತೈದು ಜನ ಹತ್ತಿ ಬಂದರು. ಗುಂಪು ನುಗ್ಗಿತು ಎಂದು ದೂರಿನಲ್ಲಿರುವುದು ಇವರ ಬಗ್ಗೆ. ನುಗ್ಗಿದವರು ಯಾರೂ ಇಲ್ಲ. ಗೋಡೆಯ ಮೇಲೆ ಸದ್ದು ಮಾಡಬಾರದು ಎಂದು ಬರೆದಿದ್ದನ್ನು ನೋಡಿ ಹಲವರು ಚಪ್ಪಲಿಯನ್ನೂ ಹೊರಗೇ ಬಿಟ್ಟರು.

ಬೇಕರಿಯಾಕೆ ಗ್ರಂಥಪಾಲಕರ ಮೇಜಿನ ಮುಂದೆ ನಿಂತು ಕೊನೆಯ ಪುಟ ತಿರುಗಿಸಿದಳು. ನಾನು ಎಂಟನೇ ಕಿಟಕಿಯನ್ನು ಅಳೆಯುತ್ತಿದ್ದೆ. ಅಷ್ಟು ನಿಧಾನವಾಗಿ ನಾನು ಜೀವಮಾನದಲ್ಲಿ ಏನನ್ನೂ ಅಳೆದಿಲ್ಲ. ಅಧ್ಯಕ್ಷರು, ಮುಗೀತೇನಮ್ಮ ಎಂದು ಹಲ್ಲು ಕಚ್ಚಿ ಕೇಳಿದರು. ಅಂಚು ಮಡಿಚೋಕೆ ಬಿಡೋದು ಬೇಡ್ವಾ ಸರ್ ಎಂದೆ. ಇಡೀ ಕೋಣೆ ಓದುವುದು ಬಿಟ್ಟು ಆ ಹೆಂಗಸಿನ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವುದನ್ನೇ ನೋಡುತ್ತಿತ್ತು. ಕೊನೆಗೆ ಅವಳು, ಅಯ್ಯೋ, ಲಾಯರಾ ಎಂದು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು. ಗ್ರಂಥಪಾಲಕರು ಮೊಹರು ಒತ್ತಿದರು. ನಾನು, ಪರದೆಯ ವಿಷಯ ಮುಗಿಯಿತು ಎಂದೆ.

ಬಾಡಿಗೆಯ ವಿಷಯ ಮತಕ್ಕೆ ಬಂತು. ಬೇಡ ಎನ್ನುವವರು ಎಂದು ಕೇಳಿದಾಗ ಡ್ರೈವರಣ್ಣ ಕೈ ಎತ್ತಿದರು, ಮೇಡಂ ಎತ್ತಿದರು, ನಮ್ಮ ಕಡೆಯ ಇನ್ನೊಬ್ಬರು ಎತ್ತಿದರು, ನಾನು ಎರಡೂ ಕೈ ಎತ್ತಿದೆ. ಗ್ರಂಥಪಾಲಕರು ಒಂದನ್ನು ಇಳಿಸಲು ಹೇಳಿದರು. ನಾಲ್ಕಕ್ಕೆ ಮೂರು. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಸೊಸೆ ಬಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಮದುವೆಯಾಗಿ ಬಂದ ಈ ನಾಲ್ಕು ವರ್ಷದಲ್ಲಿ ಅವಳು ಹಾಗೆ ಮಾಡಿದ್ದು ಇದೇ ಮೊದಲು. ನನಗೆ ಅಳು ಬಂತು, ಅದನ್ನೂ ಮೆಲ್ಲಗೆ ಅತ್ತೆ.

ಡ್ರೈವರಣ್ಣ ಕೂಡಲೇ ಕೆಳಗಿಳಿದು ಬಸ್ಸು ತೆಗೆದರು. ಬಸ್ಸು ರಸ್ತೆಯಲ್ಲಿ ನಿಂತಿದ್ದು ಒಟ್ಟು ಹನ್ನೊಂದು ನಿಮಿಷ ಎಂದು ದೂರಿನಲ್ಲಿದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡೇ ಕೂತಿದ್ದರು, ಹಾಗಾಗಿ ಅದು ಸರಿಯೇ ಇರಬೇಕು. ಬಸ್ಸಿಗೆ ಅಡ್ಡ ನಿಂತವಳು ನನ್ನ ಸೊಸೆ, ನಿಲ್ಲಲು ಕಳಿಸಿದವಳು ನಾನು. ಡ್ರೈವರಣ್ಣ ಕೇಳಿ, ಒಪ್ಪಿಗೆ ಪಡೆದು ಇಳಿದವರು. ಕೇಸು ಹಾಕಲೇಬೇಕಾದರೆ ಮೊದಲು ನನ್ನ ಮೇಲೆ ಹಾಕಬೇಕೆಂದು ಕೋರುತ್ತೇನೆ.

ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಅವರು ಎಲ್ಲಿದ್ದಾರೆ ಎಂದು ಸಾಹೇಬರು ಕೇಳಿದ್ದಕ್ಕೆ ಉತ್ತರ: ನಾನು ಬರುವಾಗ ಮೇಲಿನ ಓದುವ ಕೋಣೆಯಲ್ಲಿ ಸೊಸೆಯ ಎದುರು ಕೂತಿದ್ದರು. ಹೇಗೂ ಕೆಲಸವಿಲ್ಲವಲ್ಲ ಎಂದು ಅವಳ ಪುಸ್ತಕ ಹಿಡಿದು, ಮೈಯ ಮೂಳೆಗಳ ಹೆಸರು ಒಂದೊಂದಾಗಿ ಕೇಳುತ್ತಿದ್ದರು. ಅವಳು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಒಟ್ಟು ಇನ್ನೂರಾರು ಇವೆಯಂತೆ. ನಾನು ಹೊರಡುವಾಗ ಮೊಣಕೈ ದಾಟಿರಲಿಲ್ಲ. ಅವರನ್ನು ಕರೆತರಲು ಪೇದೆಯನ್ನು ಕಳಿಸುವುದಾದರೆ ಬೂಟಿನ ಸದ್ದಾಗದಂತೆ ಮೆಟ್ಟಿಲು ಹತ್ತಲು ಹೇಳಬೇಕು, ಮತ್ತು ಅವಳು ಕಾಲಿನ ಬೆರಳಿಗೆ ಬರುವವರೆಗೆ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕಾಯಲು ಹೇಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಆಡಿದ್ದೇ ಇದರಲ್ಲಿದೆ, ಆಡದಿದ್ದು ಸೇರಿಲ್ಲ. ನಾನು ಕಂಡದ್ದು, ಸೊಸೆಯಿಂದ ಕೇಳಿದ್ದು ಎರಡೂ ನಿಜವೆಂದು ನಂಬಿ, ಯಾರ ಒತ್ತಾಯವೂ ಇಲ್ಲದೆ ರುಜು ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಬುಧವಾರ, ಸಭೆಯ ಮರುದಿನ, ಬೆಳಿಗ್ಗೆ ಹನ್ನೊಂದು ಗಂಟೆ

ಸಹಿ: ಗುಂಡಿಯಕ್ಕ